ಎಳೆ ದನಿಗೆ ದೊಡ್ಡ ವೇದಿಕೆ

1879ರ ಮಾರ್ಚ್ ತಿಂಗಳಲ್ಲಿ ಮಾಸ್ಕೋದ ಮಾಲಿ ಥಿಯೇಟರಿನಲ್ಲಿ ಒಂದು ಹೊಸ ಒಪೆರಾ ಮೊದಲ ಸಲ ರಂಗಕ್ಕೆ ಬಂತು. ರಷ್ಯಾದ ಸಂಗೀತಗಾರ ಚೈಕೋವ್ಸ್ಕಿಯ 'ಯೆವ್ಗೆನಿ ಒನೆಗಿನ್'. ಇವತ್ತು ಅದನ್ನು ಆಡದ ದೊಡ್ಡ ಒಪೆರಾ ಹೌಸ್ ಹುಡುಕುವುದು ಕಷ್ಟ. ಅದರ ನಾಯಕಿ ತತಿಯಾನಾ ಪಾತ್ರಕ್ಕಾಗಿ ಹೆಸರಾಂತ ಸೊಪ್ರಾನೊಗಳೇ (ಎತ್ತರದ ದನಿಯ ಗಾಯಕಿಯರು) ಕಾಯುತ್ತಾರೆ. ಆದರೆ ಆ ಮೊದಲ ರಾತ್ರಿ ಮುಖ್ಯ ಪಾತ್ರಗಳನ್ನು ಹಾಡಿದವರು ಮಾಸ್ಕೋ ಕನ್ಸರ್ವೇಟರಿಯ, ಅಂದರೆ ಸಂಗೀತ ಶಾಲೆಯ, ವಿದ್ಯಾರ್ಥಿಗಳು. ತತಿಯಾನಾ ಆಗಿದ್ದವರು ಮರಿಯಾ ಕ್ಲಿಮೆಂತೊವಾ. ಆಗಿನ್ನೂ ಇಪ್ಪತ್ತು ದಾಟಿ ಹೆಚ್ಚು ವರ್ಷ ಆಗಿರಲಿಲ್ಲ. ಕಂಡಕ್ಟ್ ಮಾಡಿದವರು, ಅಂದರೆ ಗಾಯಕರನ್ನೂ ವಾದ್ಯಗಾರರನ್ನೂ ಮುನ್ನಡೆಸಿದವರು, ಕನ್ಸರ್ವೇಟರಿಯ ಮುಖ್ಯಸ್ಥ ನಿಕೊಲಾಯ್ ರುಬಿನ್‌ಸ್ಟೈನ್.

ದೊಡ್ಡ ಗಾಯಕರು ಸಿಗದೆ ವಿದ್ಯಾರ್ಥಿಗಳ ಕೈಗೆ ಕೊಟ್ಟರು ಅಂತ ಯಾರಾದರೂ ಅಂದುಕೊಳ್ಳಬಹುದು. ಆದರೆ ಚೈಕೋವ್ಸ್ಕಿ ಬಯಸಿ ಕೇಳಿ ಪಡೆದ ವ್ಯವಸ್ಥೆ ಅದು. ಚಕ್ರವರ್ತಿಯ ಥಿಯೇಟರುಗಳ ಜಡ್ಡುಗಟ್ಟಿದ ಪದ್ಧತಿ ಕಂಡರೆ ಅವರಿಗೆ ಭಯ. ವರ್ಷಗಟ್ಟಲೆ ಒಂದೇ ರೀತಿ ಕೈ ಚಾಚಿ ಹಾಡಿದವರು ಬಂದು ಹಳ್ಳಿಮನೆಯ ಹುಡುಗಿಯಾಗಿ ನಿಲ್ಲುವುದು ಅವರಿಗೆ ಬೇಡವಾಗಿತ್ತು. ಮೊದಲ ಸಲ ಪ್ರೀತಿಗೆ ಬಿದ್ದ ಹುಡುಗಿ, ರಾತ್ರಿಯಿಡೀ ಕೂತು ಕಾಗದ ಬರೆಯುವವಳು, ಅವಳಿಗೆ ಎಳೆ ದನಿ ಬೇಕಿತ್ತು. ಆ ಕೃತಿಯನ್ನು ಒಪೆರಾ ಅಂತಲೂ ಕರೆಯದೆ 'ಭಾವಗೀತೆಯ ದೃಶ್ಯಗಳು' ಅನ್ನುವ ಅರ್ಥದ ಹೆಸರು ಕೊಟ್ಟರು. ಬೋಲ್ಶೊಯ್ ಥಿಯೇಟರಿಗೆ ಅದು ಹೋಗಿದ್ದು 1881ರಲ್ಲಿ, ವಿದ್ಯಾರ್ಥಿಗಳು ಹಾಡಿದ ಮೇಲೆ.

ಇದನ್ನು ನಾನು ಆಗಾಗ ನೆನೆಯುತ್ತೇನೆ. ತರಬೇತಿಯಲ್ಲಿರುವ ಗಾಯಕರು ದೊಡ್ಡ ವೇದಿಕೆಯಲ್ಲಿ ಮುಖ್ಯ ಪಾತ್ರ ಹಾಡುತ್ತಾರೆ ಅಂದ ಕೂಡಲೇ ಕೇಳುಗರಲ್ಲಿ ಒಂದು ಅನುಮಾನ ಹುಟ್ಟುತ್ತದೆ. ಇದು ಎರಡನೇ ದರ್ಜೆಯ ರಾತ್ರಿ, ಅಸಲಿ ತಂಡ ಇನ್ನೊಂದು ದಿನ ಬರುತ್ತದೆ ಅನ್ನುವ ಭಾವನೆ. ಆ ಅನುಮಾನ ತಪ್ಪು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಜೊತೆಗೆ ಇನ್ನೊಂದೂ ಅಷ್ಟೇ ಗಟ್ಟಿಯಾಗಿ ಅನ್ನಿಸುತ್ತದೆ. ಪಾತ್ರ ಕೊಟ್ಟ ಒಪೆರಾ ಹೌಸಿನ ಕೆಲಸ ಆ ರಾತ್ರಿ ಚಪ್ಪಾಳೆ ಬಿದ್ದ ಮೇಲೆ ಶುರುವಾಗುತ್ತದೆ. ಅದನ್ನು ಮಾಡಲು ಮನಸ್ಸಿಲ್ಲದಿದ್ದರೆ ಪಾತ್ರ ಕೊಡಬಾರದು.

ಮೊದಲು ವಯಸ್ಸಿನ ವಿಷಯ. ಒಪೆರಾದ ಕಥೆಗಳಲ್ಲಿ ಅರ್ಧಕ್ಕರ್ಧ ಜನ ಹರೆಯದವರು. ಪ್ರೀತಿ, ಓಡಿಹೋಗುವುದು, ಮದುವೆ, ದ್ವಂದ್ವಯುದ್ಧ, ಎಲ್ಲ ಇಪ್ಪತ್ತರ ಆಸುಪಾಸಿನಲ್ಲೇ. ಮೊದಲು ಹಾಡಿದವರಲ್ಲೂ ಎಷ್ಟೋ ಜನ ಆ ವಯಸ್ಸಿನವರೇ. 1786ರಲ್ಲಿ ಮೊಜಾರ್ಟ್‌ನ 'ಫಿಗಾರೋನ ಮದುವೆ'ಯಲ್ಲಿ ಬಾರ್ಬರೀನಾ ಆಗಿ ಹಾಡಿದ ಅನ್ನಾ ಗಾಟ್ಲೀಬ್‌ಗೆ 12 ವರ್ಷ. ಅದೇ ಹುಡುಗಿ 1791ರಲ್ಲಿ 'ಮಾಯಾ ಕೊಳಲು' ಒಪೆರಾದ ನಾಯಕಿ, ಮೊದಲ ಪಮೀನಾ ಆದಳು. ಆಗ 17 ವರ್ಷ. ಇವತ್ತು ಪಮೀನಾ ಅಂದರೆ ನಮ್ಮ ಕಿವಿಯಲ್ಲಿ ಕೂತಿರುವುದು ದೊಡ್ಡ ದೊಡ್ಡ ಗಾಯಕಿಯರ ಧ್ವನಿಮುದ್ರಿಕೆ. ಮೊಜಾರ್ಟ್ ಬರೆದದ್ದು ಮಾತ್ರ ಆ ಹದಿನೇಳರ ಗಂಟಲನ್ನು ಎದುರಿಗಿಟ್ಟುಕೊಂಡು. 1822ರಲ್ಲಿ ವಿಯೆನ್ನಾದಲ್ಲಿ ಬೀಥೋವನ್‌ನ 'ಫಿಡೆಲಿಯೊ' ಮತ್ತೆ ರಂಗಕ್ಕೆ ಬಂದಾಗ ಲಿಯೊನೋರಾ ಪಾತ್ರ ಹಾಡಿದ ವಿಲ್ಹೆಲ್ಮೀನ್ ಶ್ರೋಡರ್‌ಗೂ 17. ಅದು ಹಗುರ ಪಾತ್ರವಲ್ಲ. ಆ ಒಪೆರಾಕ್ಕೆ ಹೊಸ ಜೀವ ಬಂದದ್ದೇ ಅವರಿಂದ ಅಂತ ಇತಿಹಾಸ ಬರೆದವರು ಹೇಳುತ್ತಾರೆ.

ಹಾಗಂತ ಹದಿನೇಳರ ಹುಡುಗಿಯರನ್ನು ಈಗಲೂ ತಂದು ನಿಲ್ಲಿಸೋಣವೇ? ಬೇಡ. ನಡುವೆ ಇನ್ನೂರು ವರ್ಷ ಕಳೆದಿದೆ. ಆಗಿನ ಥಿಯೇಟರುಗಳು ಚಿಕ್ಕವು. ವಾದ್ಯಗಳ ದನಿ ಈಗಿನದಕ್ಕಿಂತ ಮೆದು. ಆರ್ಕೆಸ್ಟ್ರಾದಲ್ಲಿ ಜನವೂ ಕಡಿಮೆ. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಸುಮಾರು 3,800 ಕುರ್ಚಿಗಳಿವೆ. ಕೊನೆಯ ಸಾಲಿನವರಿಗೂ ಮಾತು ಮಾತು ಕೇಳಬೇಕು.

ಮತ್ತೆ, ಪಾತ್ರದ ವಯಸ್ಸು ಬೇರೆ, ಆ ಪಾತ್ರ ಕೇಳುವ ದನಿಯ ವಯಸ್ಸು ಬೇರೆ. ಪುಚಿನಿಯ 'ಮಡಾಮಾ ಬಟರ್‌ಫ್ಲೈ'ಯಲ್ಲಿ ಚಿಯೋ ಚಿಯೋ ಸಾನ್‌ಗೆ ಕಥೆಯ ಪ್ರಕಾರ 15 ವರ್ಷ. ಮೊದಲ ಅಂಕದಲ್ಲಿ ಬಂದಳು ಅಂದರೆ ಕೊನೆಯವರೆಗೆ ಹೆಚ್ಚುಕಡಿಮೆ ಅವಳೇ ಹಾಡಬೇಕು. ಅದೂ ಉಕ್ಕಿ ಬರುವ ಆರ್ಕೆಸ್ಟ್ರಾದ ಮೇಲೆ. ರಿಚರ್ಡ್ ಸ್ಟ್ರಾಸ್‌ನ ಸಲೋಮೆಯೂ ಹರೆಯದ ಹುಡುಗಿಯೇ. ಆದರೆ ಅವಳ ಎದುರು ಇರುವುದು ನೂರರಷ್ಟು ವಾದ್ಯಗಳ ಅಲೆ. ಇಪ್ಪತ್ಮೂರರ ಸೊಪ್ರಾನೊ ನೋಡಲು ಆ ಪಾತ್ರಕ್ಕೆ ಹೇಳಿ ಮಾಡಿಸಿದ ಹಾಗಿರಬಹುದು. ಅವಳ ಗಂಟಲು ಅದಕ್ಕೆ ತಯಾರಿರುವುದಿಲ್ಲ. ಆ ಪಾತ್ರ ಅವಳಿಗೆ ಕೊಟ್ಟವರನ್ನು ನಾನು ಧೈರ್ಯವಂತರು ಅಂತ ಹೊಗಳುವುದಿಲ್ಲ.

ಯಾಕೆ ಗಂಟಲು ತಯಾರಿರುವುದಿಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದು ನನಗೆ ತುಂಬಾ ಇಷ್ಟವಾದ ವಿಷಯ ಕೂಡ.

ಒಪೆರಾ ಹೌಸಿನಲ್ಲಿ ಗಾಯಕರು ಮೈಕ್ ಇಲ್ಲದೆ ಹಾಡುತ್ತಾರೆ. ಎದುರಿಗಿನ ಗುಂಡಿಯಲ್ಲಿ (ಪಿಟ್) ಅರವತ್ತೋ ಎಂಬತ್ತೋ ವಾದ್ಯಗಳು. ಒಂದು ಮನುಷ್ಯದನಿ ಅವನ್ನೆಲ್ಲ ದಾಟಿ ಹೇಗೆ ಹೋಗುತ್ತದೆ? ಜೋರಾಗಿ ಕಿರುಚಿ ಹೋಗುವುದಂತೂ ಸಾಧ್ಯವಿಲ್ಲ. ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ಆರ್ಕೆಸ್ಟ್ರಾದ ಸದ್ದಿನ ಬಲವೆಲ್ಲ 500 ಹರ್ಟ್ಸ್ (ಸ್ವರದ ಎತ್ತರ ಅಳೆಯುವ ಮಾನ) ಸುತ್ತಮುತ್ತ ಜಾಸ್ತಿ. ಅಲ್ಲಿಂದ ಮೇಲೆ ಹೋದ ಹಾಗೆ ಅದು ಇಳಿಯುತ್ತದೆ. ಪಳಗಿದ ಗಾಯಕರ ದನಿಯಲ್ಲಿ, ಮುಖ್ಯವಾಗಿ ಗಂಡಸರ ದನಿಯಲ್ಲಿ, 3,000 ಹರ್ಟ್ಸ್ ಹತ್ತಿರ ಇನ್ನೊಂದು ಬಲವಾದ ಗುಡ್ಡ ಏಳುತ್ತದೆ. ವಾದ್ಯಗಳು ಅಲ್ಲಿ ಸೊರಗಿರುತ್ತವೆ. ಹಾಗಾಗಿ ಆ ಸಂದಿಯಲ್ಲಿ ದನಿ ನುಸುಳಿ ಬರುತ್ತದೆ. ಸೊಪ್ರಾನೊಗಳು ಮೇಲಿನ ಸ್ವರಗಳಲ್ಲಿ ಬೇರೆ ದಾರಿ ಹಿಡಿಯುತ್ತಾರೆ. ಬಾಯಿ, ದವಡೆಗಳ ಆಕಾರ ಬದಲಿಸಿ, ಒಳಗಿನ ಅನುರಣನವನ್ನು ಹಾಡುವ ಸ್ವರಕ್ಕೇ ತಂದು ಕೂಡಿಸುತ್ತಾರೆ.

ಇದು ಪುಸ್ತಕ ಓದಿ ಬರುವುದಲ್ಲ. ಗಂಟಲಿನ ಕೆಳಭಾಗ ಸಡಿಲವಾಗಿ ಇಳಿಯಬೇಕು. ಉಸಿರಿನ ಒತ್ತಡ ಹದವಾಗಿ ನಿಲ್ಲಬೇಕು. ಎದೆಯ ದನಿಯಿಂದ ತಲೆಯ ದನಿಗೆ ಏರುವಾಗ ಬರುವ ದಾಟು, ಪಸಾಜೊ ಅನ್ನುತ್ತಾರೆ, ಅದು ಕೇಳುಗರಿಗೆ ಗೊತ್ತೇ ಆಗಬಾರದು. ದೇಹಕ್ಕೆ ಇದು ಅಭ್ಯಾಸವಾಗಲು ವರ್ಷಗಳು ಬೇಕು. ಹಗುರ ಸೊಪ್ರಾನೊಗಳು ಇಪ್ಪತ್ತರ ಮಧ್ಯದಲ್ಲೇ ಮಾಗುತ್ತಾರೆ. ತಗ್ಗಿನ ಬೇಸ್ ದನಿಯವರು, ವಾಗ್ನರ್ ಹಾಡುವಂಥ ಭಾರದ ದನಿಯವರು ಮೂವತ್ತು ದಾಟಬೇಕು. ಕೆಲವರಿಗೆ ಇನ್ನೂ ತಡ.

ಎಳೆಯ ಗಾಯಕರು ದೊಡ್ಡ ವೇದಿಕೆಗೆ ಬಂದಾಗ ಮೊದಲು ಎಡವುವುದು ಇಲ್ಲೇ. ಅಭ್ಯಾಸದ ಕೋಣೆಯಲ್ಲಿ ಗೋಡೆ ಹತ್ತಿರ. ಪಿಯಾನೊ ಒಂದೇ. ತಮ್ಮ ದನಿ ತಮಗೆ ಚೆನ್ನಾಗಿ ಕೇಳುತ್ತದೆ. ದೊಡ್ಡ ವೇದಿಕೆಯಲ್ಲಿ ಬಾಯಿಂದ ಹೊರಟ ದನಿ ಕತ್ತಲಿಗೆ ಹೋಗಿಬಿಡುತ್ತದೆ, ವಾಪಸು ಬರುವುದೇ ಇಲ್ಲ. ನನ್ನ ದನಿ ಯಾರಿಗೂ ಕೇಳುತ್ತಿಲ್ಲ ಅನ್ನುವ ಹೆದರಿಕೆ ಹುಟ್ಟುತ್ತದೆ. ಆಗ ಒತ್ತಿ ಹಾಡಲು ಶುರು ಮಾಡುತ್ತಾರೆ. ಒತ್ತಿದಷ್ಟೂ ಆ 3,000 ಹರ್ಟ್ಸಿನ ಹೊಳಪು ಮಾಸುತ್ತದೆ. ಹೊಳಪು ಹೋದಷ್ಟೂ ಹಿಂದಿನ ಸಾಲಿಗೆ ಕೇಳುವುದು ಕಡಿಮೆ. ಮತ್ತೆ ಇನ್ನಷ್ಟು ಒತ್ತುತ್ತಾರೆ. ಕಿವಿಯನ್ನು ನಂಬದೆ ಮೈಯನ್ನು ನಂಬಿ ಹಾಡು ಅಂತ ಗುರುಗಳು ಹೇಳುತ್ತಲೇ ಇರುತ್ತಾರೆ. ಆ ಮಾತಿನ ಅರ್ಥ ಆಗುವುದು ಆ ವೇದಿಕೆಯ ಮೇಲೆ ನಿಂತಾಗಲೇ. ಇದೊಂದೇ ಕಾರಣ ಸಾಕು, ತರಬೇತಿಯ ಕಾಲದಲ್ಲೇ ದೊಡ್ಡ ವೇದಿಕೆ ಬೇಕು ಅನ್ನುವುದಕ್ಕೆ.

ಈಗ ಆ ತರಬೇತಿ ಹೇಗಿರುತ್ತದೆ ಅಂತ ನೋಡೋಣ. ಕಾಲೇಜು, ಕನ್ಸರ್ವೇಟರಿ ಮುಗಿದ ಮೇಲೆ ಒಪೆರಾ ಹೌಸುಗಳೇ ನಡೆಸುವ ಯಂಗ್ ಆರ್ಟಿಸ್ಟ್ ಕಾರ್ಯಕ್ರಮಗಳಿವೆ. ಅಮೆರಿಕದಲ್ಲಿ ಸಾಂಟಾ ಫೆ ಒಪೆರಾ 1957ರಲ್ಲೇ ಅಪ್ರೆಂಟಿಸ್ ಗಾಯಕರನ್ನು ತೆಗೆದುಕೊಳ್ಳಲು ಶುರು ಮಾಡಿತು. ಷಿಕಾಗೋದ ಲಿರಿಕ್ ಒಪೆರಾದ ತರಬೇತಿ ಕೇಂದ್ರ 1974ರದು. ಸಾನ್ ಫ್ರಾನ್ಸಿಸ್ಕೋದ ಆಡ್ಲರ್ ಫೆಲೋಶಿಪ್, ಹ್ಯೂಸ್ಟನ್ನಿನ ಒಪೆರಾ ಸ್ಟುಡಿಯೊ ಎರಡೂ 1977ರವು. ಮೆಟ್ರೊಪಾಲಿಟನ್ ಒಪೆರಾದ ಕಾರ್ಯಕ್ರಮ ಹುಟ್ಟಿದ್ದು 1980ರಲ್ಲಿ, ಈಗ ಅದಕ್ಕೆ ಲಿಂಡೆಮನ್ ಹೆಸರಿದೆ. ಲಂಡನ್ನಿನ ರಾಯಲ್ ಒಪೆರಾದ ಜೆಟ್ ಪಾರ್ಕರ್ ಕಾರ್ಯಕ್ರಮ 2001ರದು. ಎಲ್ಲ ಕಡೆಯೂ ನೂರಾರು ಜನ ಆಡಿಷನ್ ಕೊಡುತ್ತಾರೆ, ಬೆರಳೆಣಿಕೆಯಷ್ಟು ಜನ ಒಳಗೆ ಹೋಗುತ್ತಾರೆ. ಸಾಮಾನ್ಯವಾಗಿ ಎರಡು ಮೂರು ವರ್ಷದ ಅವಧಿ. ಹಣ ಕಟ್ಟುವ ಬದಲು ಇಲ್ಲಿ ಹಣ ಪಡೆಯುತ್ತಾರೆ. ವಿದ್ಯಾರ್ಥಿ ಮತ್ತು ವೃತ್ತಿಗಾಯಕ, ಎರಡರ ನಡುವಿನ ಸ್ಥಿತಿ.

ದಿನ ಪೂರ್ತಿ ಕೆಲಸ. ದನಿಯ ಪಾಠ, ಕೋಚ್ ಜೊತೆ ಪಾತ್ರದ ತಾಲೀಮು, ಇಟಾಲಿಯನ್, ಜರ್ಮನ್, ಫ್ರೆಂಚ್, ರಷ್ಯನ್ ಉಚ್ಚಾರ, ನಟನೆ, ಕತ್ತಿವರಸೆ. ಸಂಜೆ ವೇದಿಕೆಯಲ್ಲಿ ಸಣ್ಣ ಪಾತ್ರ. ದಾಸಿ, ದೂತ, ಕಾವಲುಗಾರ, ಪಾದ್ರಿ. ಎರಡು ಸಾಲು ಹಾಡಿ ಒಳಗೆ ಹೋಗಬೇಕು. ಸುಮ್ನೆ ಬಂದು ಹೋಗುವುದು ಅಂತ ಕಾಣುತ್ತದೆ. ಆದರೆ ಆ ಎರಡು ಸಾಲಿಗಾಗಿ ವೇದಿಕೆಯ ಪಕ್ಕದ ಮರೆಯಲ್ಲಿ ಕಾಯುವಾಗಲೇ ಅರ್ಧ ವಿದ್ಯೆ ಬರುತ್ತದೆ. ದೊಡ್ಡ ಗಾಯಕಿ ಕಷ್ಟದ ಆರಿಯಾಕ್ಕೆ (ಒಬ್ಬರೇ ಹಾಡುವ ಹಾಡು) ಮುಂಚೆ ಹೇಗೆ ಉಸಿರು ಉಳಿಸಿಕೊಳ್ಳುತ್ತಾರೆ, ರಿಹರ್ಸಲ್‌ನಲ್ಲಿ ಯಾವಾಗ ಪೂರ್ತಿ ದನಿ ಬಿಡುತ್ತಾರೆ, ಯಾವಾಗ ಮೆಲ್ಲಗೆ ಸ್ವರ ತೋರಿಸಿ ಹೋಗುತ್ತಾರೆ, ಮೈ ಸರಿಯಿಲ್ಲದ ದಿನ ಏನು ಮಾಡುತ್ತಾರೆ. ಇದನ್ನೆಲ್ಲ ಹತ್ತಡಿ ದೂರದಿಂದ ನೋಡುವ ಅವಕಾಶ ಬೇರೆಲ್ಲೂ ಸಿಗುವುದಿಲ್ಲ.

ಇದರ ಜೊತೆಗೆ ಕವರ್ ಕೆಲಸ. ಮುಖ್ಯ ಗಾಯಕರ ಪಾತ್ರವನ್ನು ಇಡಿಯಾಗಿ ಕಲಿತು, ಅವರು ಹಾಡಲಾಗದ ದಿನ ನಿಲ್ಲಲು ಸಿದ್ಧರಾಗಿರಬೇಕು. ಹೆಚ್ಚಿನ ಸಲ ಆ ದಿನ ಬರುವುದೇ ಇಲ್ಲ. ಪಾತ್ರದ ಪ್ರತಿ ಸ್ವರ, ಪ್ರತಿ ಹೆಜ್ಜೆ ಕಲಿತು, ಎಲ್ಲ ಪ್ರದರ್ಶನಕ್ಕೂ ತಯಾರಾಗಿದ್ದು, ಒಂದು ಸಲವೂ ಹಾಡದೆ ಸೀಸನ್ ಮುಗಿಯಬಹುದು. ಹೊರಗಿನವರಿಗೆ ಕಾಣದ ದುಡಿಮೆ ಇದು. ಇದಕ್ಕೆ ಸಿಗಬೇಕಾದ ಗೌರವ ಸಿಗುತ್ತಿಲ್ಲ ಅಂತ ನನ್ನ ಭಾವನೆ.

ಆ ದಿನ ಬಂದೇಬಿಟ್ಟರೆ? ರಾಬರ್ಟಾ ಪೀಟರ್ಸ್ ಕಥೆಯನ್ನು ಒಪೆರಾ ಪ್ರಿಯರು ಇನ್ನೂ ಹೇಳುತ್ತಾರೆ. 1950ರ ನವೆಂಬರ್ 17. ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೊಜಾರ್ಟ್‌ನ 'ಡಾನ್ ಜೊವಾನ್ನಿ'. ಜೆರ್ಲೀನಾ ಹಾಡಬೇಕಿದ್ದ ಗಾಯಕಿಗೆ ಹುಷಾರಿಲ್ಲ. ಕೆಲವೇ ಗಂಟೆ ಮುಂಚೆ ಇಪ್ಪತ್ತು ವರ್ಷದ ಪೀಟರ್ಸ್‌ಗೆ ಕರೆ ಹೋಯಿತು. ಅವರು ಅದಕ್ಕೂ ಮುಂಚೆ ವೇದಿಕೆಯ ಮೇಲೆ ಪೂರ್ತಿ ಆರ್ಕೆಸ್ಟ್ರಾ ಜೊತೆ ಹಾಡಿಯೇ ಇರಲಿಲ್ಲ. ಆ ರಾತ್ರಿ ಗೆದ್ದರು. ಆಮೇಲೆ ಅದೇ ಒಪೆರಾ ಹೌಸಿನಲ್ಲಿ 35 ವರ್ಷ, ಐನೂರಕ್ಕೂ ಹೆಚ್ಚು ಪ್ರದರ್ಶನ.

ಇದನ್ನು ಅದೃಷ್ಟದ ಕಥೆ ಅಂತ ಹೇಳುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಪೀಟರ್ಸ್ ಹದಿಮೂರನೇ ವಯಸ್ಸಿನಿಂದ ಒಬ್ಬರೇ ಗುರುಗಳ ಹತ್ತಿರ ಕಲಿತವರು. ಹತ್ತೊಂಬತ್ತಕ್ಕೆ ಇಪ್ಪತ್ತರಷ್ಟು ಪಾತ್ರಗಳು ಬಾಯಿಪಾಠ. ನಡುವೆ ನ್ಯೂಯಾರ್ಕಿನ ನಾಟಕರಂಗ ಬ್ರಾಡ್‌ವೇಯಿಂದ ಕರೆ ಬಂದರೂ ಹೋಗಲಿಲ್ಲ. ಇನ್ನೂ ಮುಖ್ಯವಾದದ್ದು, ಜೆರ್ಲೀನಾ ಅವರ ದನಿಗೆ ಒಪ್ಪುವ ಪಾತ್ರ. ಹಗುರ, ಚುರುಕು, ಆರ್ಕೆಸ್ಟ್ರಾ ತೆಳು. ಆ ಸಂಜೆ ಹುಷಾರು ತಪ್ಪಿದವರು ಅದೇ ಒಪೆರಾದ ಡೊನ್ನಾ ಅನ್ನಾ ಆಗಿದ್ದರೆ? ಅದು ಬೇರೆಯೇ ತೂಕದ ದನಿ ಕೇಳುವ ಪಾತ್ರ. ಪೀಟರ್ಸ್ ಅದನ್ನು ಹಾಡಿದ್ದರೆ ಈ ಕಥೆ ಬೇರೆ ಆಗುತ್ತಿತ್ತು.

ಹೀಗೆ ದಿಢೀರನೆ ಬರುವುದಲ್ಲದೆ, ಮೊದಲೇ ಯೋಜನೆ ಹಾಕಿ ಕೊಡುವ ದಾರಿಯೂ ಇದೆ. ಮಿಲಾನಿನ ಲಾ ಸ್ಕಾಲಾ ಇದನ್ನು ಮಾಡುವ ರೀತಿ ನನಗೆ ಹಿಡಿಸುತ್ತದೆ. ಅವರ ಅಕಾಡೆಮಿಯ ಎಳೆಯ ಗಾಯಕರು ಮತ್ತು ಅಕಾಡೆಮಿಯದೇ ಆರ್ಕೆಸ್ಟ್ರಾ ಸೇರಿ ಮುಖ್ಯ ಸೀಸನ್ನಿನಲ್ಲೇ ಒಂದು ಒಪೆರಾ ಆಡುತ್ತಾರೆ. 2016ರಲ್ಲಿ 'ಮಾಯಾ ಕೊಳಲು' ಹೀಗೆ ಬಂತು. ನಿರ್ದೇಶಕ ಪೀಟರ್ ಸ್ಟೈನ್, ಕಂಡಕ್ಟರ್ ಆಡಮ್ ಫಿಶರ್. ಮರುವರ್ಷ 'ಹ್ಯಾನ್ಸೆಲ್ ಮತ್ತು ಗ್ರೆಟಲ್'. ಗಮನಿಸಿ, ಕಲಿಯುವವರಿಗೆ ಕೊಟ್ಟದ್ದು ಅನುಭವಿ ಕಂಡಕ್ಟರ್, ಅನುಭವಿ ನಿರ್ದೇಶಕ. ಎಳೆಯರ ಜೊತೆ ಎಳೆಯರನ್ನೇ ಸೇರಿಸಿ ಕೈಬಿಡಲಿಲ್ಲ. ವಾಷಿಂಗ್‌ಟನ್ ನ್ಯಾಷನಲ್ ಒಪೆರಾ ಇನ್ನೊಂದು ದಾರಿ ಹಿಡಿದಿತ್ತು. ಒಂದು ಒಪೆರಾದ ಸಾಲು ಪ್ರದರ್ಶನಗಳ ನಡುವೆ ಒಂದು ರಾತ್ರಿಯನ್ನು ತನ್ನ ಯಂಗ್ ಆರ್ಟಿಸ್ಟ್‌ಗಳಿಗೆ ಬಿಟ್ಟುಕೊಡುವುದು. ಅದೇ ಸೆಟ್, ಅದೇ ವೇಷ, ಅದೇ ಆರ್ಕೆಸ್ಟ್ರಾ. ಪಾತ್ರಧಾರಿಗಳು ಮಾತ್ರ ಬೇರೆ.

ಒಂದು ರಾತ್ರಿಯ ಈ ವ್ಯವಸ್ಥೆ ಒಳ್ಳೆಯದೇ. ಆದರೂ ನನಗೆ ಇದರ ಬಗ್ಗೆ ಅಸಮಾಧಾನವಿದೆ. ಒಂದೇ ರಾತ್ರಿ ಅಂದರೆ ಎಲ್ಲ ಭಾರ ಅದರ ಮೇಲೇ. ಮುಖ್ಯ ಪಾತ್ರ ನಿಜವಾಗಿ ಕಲಿಸುವುದು ಎರಡನೇ, ಮೂರನೇ ಪ್ರದರ್ಶನದಲ್ಲಿ. ಮೊದಲ ರಾತ್ರಿ ಭಯ ಮತ್ತು ಹುಮ್ಮಸ್ಸು ಸೇರಿ ದಡ ಮುಟ್ಟಿಸುತ್ತವೆ. ಎರಡನೇ ರಾತ್ರಿ ಆ ಹುಮ್ಮಸ್ಸು ಇರುವುದಿಲ್ಲ, ಮೈ ದಣಿದಿರುತ್ತದೆ. ಆಗ ಕೈ ಹಿಡಿಯುವುದು ಕಲಿತ ವಿದ್ಯೆ ಮಾತ್ರ. 'ಫಿಗಾರೋನ ಮದುವೆ'ಯ ಸುಸಾನಾ ಪಾತ್ರವನ್ನೇ ತೆಗೆದುಕೊಳ್ಳಿ. ಸೊಪ್ರಾನೊಗಳ ಪಾತ್ರಗಳಲ್ಲೇ ಅತಿ ಉದ್ದದ್ದರಲ್ಲಿ ಒಂದು. ನಾಲ್ಕು ಅಂಕದಲ್ಲೂ ಅವಳಿದ್ದಾಳೆ. ಓಡುತ್ತಾಳೆ, ಅಡಗುತ್ತಾಳೆ, ಜಗಳವಾಡುತ್ತಾಳೆ, ಗುಂಪುಗಾಯನದಲ್ಲಿ ದನಿ ಕೊಡುತ್ತಲೇ ಇರುತ್ತಾಳೆ. ಅವಳ ಅತಿ ಸುಂದರ ಆರಿಯಾ ಬರುವುದು ಕೊನೆಯ ಅಂಕದಲ್ಲಿ, ಹೆಚ್ಚುಕಡಿಮೆ ಮೂರು ಗಂಟೆ ಕಳೆದ ಮೇಲೆ. ಅಲ್ಲಿಯವರೆಗೆ ಎಷ್ಟು ಖರ್ಚು ಮಾಡಬೇಕು, ಎಷ್ಟು ಉಳಿಸಬೇಕು ಅನ್ನುವ ಲೆಕ್ಕ ಯಾವ ಕ್ಲಾಸಿನಲ್ಲೂ ಬರುವುದಿಲ್ಲ. ಅಡುಗೆಗೆ ಉಪ್ಪು ಹಾಕುವ ಕೈಯ ಹಾಗೆ, ಮಾಡಿ ಮಾಡಿಯೇ ಹದ ಸಿಗಬೇಕು.

ಒಂದು ಸಲ ದೊಡ್ಡ ಒಪೆರಾ ಹೌಸೊಂದರ ಮೇಲಿನ ಗ್ಯಾಲರಿಯಲ್ಲಿ ಕೂತಿದ್ದೆ. 'ಮಾಯಾ ಕೊಳಲು' ನೋಡಲು. ಕಾರ್ಯಕ್ರಮ ಪತ್ರಿಕೆಯ ಒಳಗೆ ಒಂದು ಚೀಟಿ ಇತ್ತು. ಈ ದಿನ ಪಮೀನಾ ಪಾತ್ರವನ್ನು ನಮ್ಮ ತರಬೇತಿ ಕಾರ್ಯಕ್ರಮದ ಗಾಯಕಿ ಹಾಡುತ್ತಾರೆ ಅಂತ. ಪಕ್ಕದಲ್ಲಿದ್ದ ದಂಪತಿಗಳ ಮುಖ ಸಣ್ಣದಾಯಿತು. ಮೊದಲ ಅಂಕದಲ್ಲಿ ಆ ಗಾಯಕಿಯ ದನಿ ಒಂದೆರಡು ಕಡೆ ವಾದ್ಯಗಳ ಒಳಗೆ ಮುಳುಗಿದ್ದು ನಿಜ. ನನಗೆ ಎದೆ ಡವಡವ. ಈಗ ಒತ್ತಿ ಹಾಡುತ್ತಾರೆ, ಕೆಟ್ಟಿತು ಅಂದುಕೊಂಡೆ. ಅವರು ಒತ್ತಲಿಲ್ಲ. ಕಂಡಕ್ಟರ್ ಎಡಗೈ ಇಳಿಸಿ ವಾದ್ಯಗಳನ್ನು ತಗ್ಗಿಸಿದ್ದು ಮೇಲಿನಿಂದ ಚೆನ್ನಾಗಿ ಕಾಣುತ್ತಿತ್ತು. ಎರಡನೇ ಅಂಕದಲ್ಲಿ ಪಮೀನಾಳ ದುಃಖದ ಆರಿಯಾ ಬರುತ್ತದೆ. ತಾನು ಪ್ರೀತಿಸಿದವನು ಮಾತೇ ಆಡುತ್ತಿಲ್ಲ, ಎಲ್ಲ ಮುಗಿಯಿತು ಅಂದುಕೊಂಡ ಹುಡುಗಿಯ ಹಾಡು. ಜಿ ಮೈನರ್. ತಂತಿವಾದ್ಯಗಳು ಬಿಡಿ ಬಿಡಿಯಾಗಿ ಎರಡೆರಡು ಸ್ವರ ಕೊಡುತ್ತವೆ ಅಷ್ಟೇ. ಗಾಯಕಿಗೆ ಅಡಗಿಕೊಳ್ಳಲು ಜಾಗವೇ ಇಲ್ಲ. ಅವರು ಅದನ್ನು ಅಳುಕಿಲ್ಲದೆ, ಅಲಂಕಾರವಿಲ್ಲದೆ ಹಾಡಿದರು. ನುರಿತ ಗಾಯಕಿಯರು ಆ ದುಃಖಕ್ಕೆ ಒಂದು ಘನತೆ ಕೊಡುತ್ತಾರೆ. ಇವರಲ್ಲಿ ಆ ಘನತೆ ಇರಲಿಲ್ಲ. ಹೊಸದಾಗಿ ಪೆಟ್ಟು ಬಿದ್ದವರ ದಿಗಿಲು ಇತ್ತು. ಮೊಜಾರ್ಟ್ ಹದಿನೇಳರ ಹುಡುಗಿಗೆ ಈ ಸ್ವರಗಳನ್ನು ಬರೆದ ಅನ್ನುವುದು ನನಗೆ ಅವತ್ತು ಕಿವಿಯಿಂದ ತಿಳಿಯಿತು.

ಅಂಥ ರಾತ್ರಿಗಳನ್ನು ಕೇಳಿದ ಮೇಲೆ ಹೊಗಳದೆ ಇರುವುದು ಕಷ್ಟ. ಅಪಾಯ ಹುಟ್ಟುವುದೂ ಆ ಹೊಗಳಿಕೆಯಲ್ಲೇ.

1926ರ ಫೆಬ್ರವರಿಯಲ್ಲಿ ಮೆಟ್ರೊಪಾಲಿಟನ್ ಒಪೆರಾದಲ್ಲಿ ವೆರ್ದಿಯ 'ರಿಗೊಲೆಟ್ಟೊ' ಇತ್ತು. ಗಿಲ್ಡಾ ಆಗಿ ಮೇರಿಯನ್ ಟ್ಯಾಲಿ, 19 ವರ್ಷ. ಪತ್ರಿಕೆಗಳು ತಿಂಗಳುಗಟ್ಟಲೆ ಬರೆದಿದ್ದವು. ಅವರ ಊರು ಕಾನ್ಸಸ್ ಸಿಟಿಯಿಂದ ಜನ ರೈಲು ಹತ್ತಿ ಬಂದಿದ್ದರು. ಥಿಯೇಟರಿನ ಹೊರಗೆ ನೂಕುನುಗ್ಗಲು. ದನಿ ಚೆನ್ನಾಗಿದೆ, ಇನ್ನೂ ಕಲಿಯಬೇಕು ಅಂತ ವಿಮರ್ಶಕರು ಬರೆದರು. ಆ ಎರಡನೇ ಮಾತನ್ನು ಕೇಳಲು ಯಾರಿಗೂ ಪುರುಸೊತ್ತು ಇರಲಿಲ್ಲ. ಟಿಕೆಟ್ ಮಾರಾಟವಾಗುತ್ತಿತ್ತು. 1929ರ ಹೊತ್ತಿಗೆ ಟ್ಯಾಲಿ ಆ ವೇದಿಕೆ ಬಿಟ್ಟರು. ಇಪ್ಪತ್ತೆರಡನೇ ವಯಸ್ಸಿಗೆ. ಬೇರೆಯವರು ಆ ವಯಸ್ಸಿಗೆ ತರಬೇತಿಗೆ ಸೇರಲು ಅರ್ಜಿ ಹಾಕುತ್ತಿರುತ್ತಾರೆ.

ಅದೇ ವೇದಿಕೆಗೆ 1943ರಲ್ಲಿ ಇನ್ನೂ ಚಿಕ್ಕವರಾದ ಪ್ಯಾಟ್ರಿಸ್ ಮನ್ಸೆಲ್ ಬಂದರು, 18 ವರ್ಷಕ್ಕೆ, 'ಮಿನ್ಯೋನ್' ಒಪೆರಾದ ಫಿಲೀನ್ ಪಾತ್ರದಲ್ಲಿ. ಅವರಿಗೂ ವಿಮರ್ಶೆಗಳು ಎರಡೂ ಬಗೆಯಲ್ಲಿ ಬಂದವು. ಆದರೆ ಅವರು 1958ರವರೆಗೆ ಅಲ್ಲಿ ಹಾಡಿದರು. 1950ರಲ್ಲಿ ಯೊಹಾನ್ ಸ್ಟ್ರಾಸ್‌ನ 'ಡೀ ಫ್ಲೆಡರ್‌ಮಾಸ್'ನಲ್ಲಿ ಅಡೇಲ್ ಎಂಬ ಕೆಲಸದ ಹುಡುಗಿಯ ಪಾತ್ರ ಸಿಕ್ಕಾಗ ಅವರ ನಗು, ಚುರುಕು, ಮೇಲಿನ ಸ್ವರಗಳು ಎಲ್ಲ ಒಂದಕ್ಕೊಂದು ಕೂಡಿಬಂದವು. ತನ್ನ ದನಿಗೆ ಒಪ್ಪುವ ಪಾತ್ರ ಸಿಗಲು ಏಳು ವರ್ಷ ಹಿಡಿಯಿತು. ಅಷ್ಟು ಕಾಲ ಒಪೆರಾ ಹೌಸೂ ಕಾಯಿತು, ಅವರೂ ಕಾದರು.

ಇವರಿಬ್ಬರಲ್ಲಿ ಯಾರಿಗೆ ಹೆಚ್ಚು ಪ್ರತಿಭೆ ಇತ್ತು ಅಂತ ತೂಗಲು ನಾನು ಹೋಗುವುದಿಲ್ಲ. ಕಾಲವೂ ಬೇರೆ, ಕಾರಣಗಳೂ ಹಲವು. ನನ್ನನ್ನು ಕಾಡುವುದು ಮರುದಿನ ಬೆಳಿಗ್ಗೆ ಏನಾಗುತ್ತದೆ ಅನ್ನುವುದು. ಹೊಸ ಹುಡುಗಿ ಗೆದ್ದಳು ಅಂತ ಸುದ್ದಿ ಹರಡಿದ ಕೂಡಲೇ ಏಜೆಂಟರ ಫೋನು. ಬೇರೆ ಊರಿನ ಒಪೆರಾ ಹೌಸುಗಳಿಂದ ಕರೆ. ಸುಸಾನಾ ಚೆನ್ನಾಗಿ ಹಾಡಿದಿರಿ, ಮುಂದಿನ ವರ್ಷ ಮಿಮಿ ಹಾಡುತ್ತೀರಾ? ಅದರ ಮುಂದಿನ ವರ್ಷ ಟೋಸ್ಕಾ? ಒಂದಕ್ಕಿಂತ ಒಂದು ಭಾರದ ಪಾತ್ರಗಳು. ಕೇಳುವವರಿಗೆ ಆ ಸೀಸನ್ ತುಂಬಿದರೆ ಸಾಕು. ಹತ್ತು ವರ್ಷದ ನಂತರದ ಗಂಟಲು ಅವರ ಲೆಕ್ಕದಲ್ಲಿ ಇಲ್ಲ. ಇಪ್ಪತ್ತೈದರ ಗಾಯಕಿಗೆ ಓದಿನ ಸಾಲ ಇರುತ್ತದೆ. ಬೇಡ ಅಂದರೆ ಮತ್ತೆ ಕರೆಯುತ್ತಾರೋ ಇಲ್ಲವೋ ಅನ್ನುವ ಭಯ ಇರುತ್ತದೆ. ಬೇಡ ಅನ್ನುವುದು ಹೇಳುವಷ್ಟು ಸುಲಭವಲ್ಲ, ಅಲ್ವಾ?

ಹಾಗಾಗಿ ಬೇಡ ಅನ್ನುವ ಧೈರ್ಯವನ್ನು ಆಕೆಯ ಹೆಗಲಿಗೇ ಹಾಕಿ ಒಪೆರಾ ಹೌಸ್ ಸುಮ್ಮನಿರಬಾರದು. ಮುಖ್ಯ ಪಾತ್ರ ಕೊಡುವ ಒಪೆರಾ ಹೌಸಿನಿಂದ ನಾನು ಬಯಸುವುದು ಇಷ್ಟು. ಪಾತ್ರವನ್ನು ಗಾಯಕಿಯ ಈಗಿನ ದನಿ ನೋಡಿ ಆರಿಸಬೇಕು, ಮುಂದೆ ಬರಬಹುದಾದ ದನಿ ನೋಡಿ ಅಲ್ಲ. ಪಿಟ್ಟಿನಲ್ಲಿ ತಗ್ಗಿಸಲು ಗೊತ್ತಿರುವ ಕಂಡಕ್ಟರ್ ಇರಬೇಕು. ಪೂರ್ತಿ ಆರ್ಕೆಸ್ಟ್ರಾ ಜೊತೆ ಅದೇ ವೇದಿಕೆಯ ಮೇಲೆ ರಿಹರ್ಸಲ್ ಸಿಗಬೇಕು. ಎಷ್ಟೋ ಕಡೆ ಕವರ್ ಗಾಯಕರಿಗೆ ಪಿಯಾನೊ ಜೊತೆ ಕೋಣೆಯಲ್ಲಿ ತಾಲೀಮು ಮಾಡಿಸಿ, ವೇದಿಕೆಯನ್ನು ಪ್ರದರ್ಶನದ ರಾತ್ರಿಯೇ ತೋರಿಸುತ್ತಾರೆ. ಖರ್ಚಿನ ಕಾರಣ ನನಗೆ ಅರ್ಥವಾಗುತ್ತದೆ. ಆರ್ಕೆಸ್ಟ್ರಾದ ಒಂದೊಂದು ಗಂಟೆಗೂ ದುಡ್ಡು. ಆದರೆ ಮುಂದೆ ಆ ಗಾಯಕಿಯ ಹೆಸರನ್ನು ತನ್ನ ಕಾರ್ಯಕ್ರಮದ ಹಿರಿಮೆ ಅಂತ ಹಾಕಿಕೊಳ್ಳುವ ಒಪೆರಾ ಹೌಸ್ ಆ ಖರ್ಚನ್ನೂ ಮಾಡಬೇಕು. ಗೆದ್ದರೂ, ಒಂದು ಸ್ವರ ಒಡೆದರೂ, ಮುಂದಿನ ಸೀಸನ್ನಿನಲ್ಲಿ ಇನ್ನೊಂದು ಪಾತ್ರ ಇದೆ ಅಂತ ಮೊದಲೇ ಹೇಳಿರಬೇಕು. ಆ ಒಂದು ಮಾತಿನಿಂದ ಎಷ್ಟು ಹೆದರಿಕೆ ಇಳಿಯುತ್ತದೆ!

ಕೇಳುಗರ ಪಾಲೂ ಇದೆ. ಧ್ವನಿಮುದ್ರಿಕೆಗಳಲ್ಲಿ ನಾವು ಕೇಳುವುದು ಸ್ಟುಡಿಯೊದಲ್ಲಿ ಮೈಕ್ ಮುಂದೆ, ಹಲವು ಸಲ ಹಾಡಿ ಜೋಡಿಸಿದ ದನಿ. ಅದನ್ನು ಕಿವಿಯಲ್ಲಿಟ್ಟುಕೊಂಡು ಥಿಯೇಟರಿಗೆ ಹೋದರೆ ಎಳೆಯರು ಯಾವಾಗಲೂ ಚಿಕ್ಕದಾಗಿ ಕೇಳುತ್ತಾರೆ. ದನಿ ಎಷ್ಟು ದೊಡ್ಡದು ಅಂತ ಅಳೆಯುವುದನ್ನು ಸ್ವಲ್ಪ ಹೊತ್ತು ಬಿಟ್ಟು, ಮಾತು ಸ್ಪಷ್ಟವಾಗಿದೆಯೇ, ಉದ್ದದ ಸಾಲು ಒಂದೇ ಎಳೆಯಾಗಿ ಬರುತ್ತಿದೆಯೇ, ಶ್ರುತಿ ನಿಂತಿದೆಯೇ ಅಂತ ಕೇಳಿದರೆ ಬೇರೆಯೇ ಸಂಗತಿಗಳು ಕಾಣುತ್ತವೆ.

ಕೊನೆಗೆ ಲಿಸೆಟ್ ಒರೊಪೆಸಾ ಬಗ್ಗೆ ಹೇಳಬೇಕು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸಮಾಧಾನ ಕೊಡುವ ದಾರಿ ಅವರದು. ಅವರು ಲಿಂಡೆಮನ್ ಕಾರ್ಯಕ್ರಮದಲ್ಲಿ ಕಲಿಯುತ್ತಿದ್ದರು. 2006ರಲ್ಲಿ ಮೆಟ್ರೊಪಾಲಿಟನ್ ವೇದಿಕೆಗೆ ಮೊದಲ ಸಲ ಬಂದದ್ದು ಮೊಜಾರ್ಟ್‌ನ 'ಇಡೊಮೆನಿಯೊ'ದಲ್ಲಿ, ಹೆಸರೇ ಇಲ್ಲದ ಒಬ್ಬ ಕ್ರೀಟ್ ಹೆಂಗಸಾಗಿ. 2007ರಲ್ಲಿ ಇನ್ನೊಬ್ಬ ಗಾಯಕಿಯ ಬದಲಿಗೆ ಸುಸಾನಾ ಹಾಡುವ ಅವಕಾಶ ಬಂತು. ಆಗ 24 ವರ್ಷ. ಹಾಡಿದರು, ಎಲ್ಲರೂ ಮೆಚ್ಚಿದರು. ಮರುವರ್ಷದಿಂದಲೇ ಎಲ್ಲ ದೊಡ್ಡ ಪಾತ್ರಗಳೂ ಅವರ ಬಾಗಿಲಿಗೆ ಬಂದವು ಅಂತ ನೀವು ಅಂದುಕೊಳ್ಳಬಹುದು. ಹಾಗಾಗಲಿಲ್ಲ. 2010ರಲ್ಲಿ ಅದೇ ವೇದಿಕೆಯಲ್ಲಿ ಅವರು ವಾಗ್ನರ್‌ನ 'ರೈನ್‌ಗೋಲ್ಡ್'ನಲ್ಲಿ ನದಿಯ ಮೂವರು ಹುಡುಗಿಯರಲ್ಲಿ ಒಬ್ಬರಾಗಿದ್ದರು. ಆಮೇಲೆ 'ಸೀಗ್‌ಫ್ರೀಡ್'ನಲ್ಲಿ ಕಾಡಿನ ಹಕ್ಕಿಯ ದನಿ. ಗಿಲ್ಡಾದಂಥ ಪಾತ್ರಗಳು ಒಂದೊಂದಾಗಿ ಜೊತೆಗೂಡಿದವು. 2018ರಲ್ಲಿ ಪ್ಯಾರಿಸ್ಸಿನಲ್ಲಿ 'ಲೇ ಯುಗ್ನೋ' ಒಪೆರಾದ ಮಾರ್ಗರೀತ್ ಪಾತ್ರಕ್ಕೆ ಮತ್ತೆ ಇನ್ನೊಬ್ಬರ ಬದಲಿಗೇ ಹೋದರು. ಈ ಸಲ ಯುರೋಪ್ ಪೂರ್ತಿ ತಿರುಗಿ ನೋಡಿತು. 2019ರಲ್ಲಿ ಮೆಟ್ರೊಪಾಲಿಟನ್‌ನಲ್ಲಿ ಮಾಸ್ನೆಯ 'ಮನೋನ್' ಒಪೆರಾದ ಮನೋನ್, ಅದೇ ಸೀಸನ್ನಿನಲ್ಲಿ, 2020ರ ಆರಂಭದಲ್ಲಿ, 'ಲಾ ತ್ರಾವಿಯಾತಾ'ದ ವಯೊಲೆಟ್ಟಾ.

ಸುಸಾನಾಳಿಂದ ವಯೊಲೆಟ್ಟಾವರೆಗೆ ಅದೇ ವೇದಿಕೆಯ ಮೇಲೆ ಹನ್ನೆರಡು ವರ್ಷ. ಆ ಸುಸಾನಾಳ ಮಾರನೆಯ ವರ್ಷವೇ ವಯೊಲೆಟ್ಟಾ ಹಾಡಿಸಿದ್ದರೂ ಜನ ಬಂದು ಕೇಳುತ್ತಿದ್ದರು. 2020ರಲ್ಲಿ ಕೇಳಿದ ವಯೊಲೆಟ್ಟಾ ಮಾತ್ರ ಸಿಗುತ್ತಿರಲಿಲ್ಲ.